ಮೂರು ತಂಡ, ಒಂದೊಂದು ಸೋಲು: ನಾನೇ ಕಟ್ಟಿದ ಕಾಲೇಜ್ ಫುಟ್‌ಬಾಲ್ ರ‍್ಯಾಂಕಿಂಗ್

2008ರ ಬಿಗ್ 12 ಕಾನ್ಫರೆನ್ಸಿನ (ಹೆಚ್ಚಾಗಿ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಒಂದು ಗುಂಪು) ದಕ್ಷಿಣ ವಿಭಾಗದ ಬಗ್ಗೆ ಅಮೆರಿಕದ ಕಾಲೇಜ್ ಫುಟ್‌ಬಾಲ್ ಅಭಿಮಾನಿಗಳು ಈಗಲೂ ವಾದ ಮಾಡುತ್ತಾರೆ. ಆ ವರ್ಷ ಅಕ್ಟೋಬರ್‌ನಲ್ಲಿ ಟೆಕ್ಸಸ್ ತಂಡ ಓಕ್ಲಹೋಮಾವನ್ನು 45-35ರಿಂದ ಸೋಲಿಸಿತು. ನವೆಂಬರ್ 1ರಂದು ಟೆಕ್ಸಸ್ ಟೆಕ್ ತಂಡ, ಇನ್ನೊಂದೇ ಸೆಕೆಂಡ್ ಬಾಕಿ ಇರುವಾಗ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದಕ್ಕೆ ಸಿಗುವ ಅಂಕ) ಗಳಿಸಿ, ಟೆಕ್ಸಸ್ಸನ್ನು 39-33ರಿಂದ ಸೋಲಿಸಿತು. ಮೂರು ವಾರ ಕಳೆದ ಮೇಲೆ ಅದೇ ಟೆಕ್ಸಸ್ ಟೆಕ್, ಓಕ್ಲಹೋಮಾ ಎದುರು 65-21ರಿಂದ ಮಣ್ಣು ಮುಕ್ಕಿತು. ಲೀಗ್ ಪಂದ್ಯಗಳೆಲ್ಲ ಮುಗಿದಾಗ ಮೂರು ತಂಡಗಳಿಗೂ 11 ಗೆಲುವು, 1 ಸೋಲು.

ಈ ವಿಭಾಗದಿಂದ ಕಾನ್ಫರೆನ್ಸ್ ಫೈನಲ್‌ಗೆ ಹೋಗುವುದು ಒಂದೇ ತಂಡ. ಟೆಕ್ಸಸ್ ಅಭಿಮಾನಿ ಹೇಳುತ್ತಾನೆ, ಓಕ್ಲಹೋಮಾವನ್ನು ಸೋಲಿಸಿದ್ದು ನಾವಲ್ವಾ? ಟೆಕ್ ಅಭಿಮಾನಿ ಹೇಳುತ್ತಾನೆ, ನಿಮ್ಮನ್ನು ಸೋಲಿಸಿದ್ದು ನಾವಲ್ವಾ? ಓಕ್ಲಹೋಮಾದವನು ಹೇಳುತ್ತಾನೆ, ನಿಮ್ಮನ್ನು 44 ಅಂಕಗಳಿಂದ ಸೋಲಿಸಿದ್ದು ನಾವಲ್ವಾ? ಮೂವರ ಮಾತೂ ನಿಜ. ಆದರೆ ಮೂರನ್ನೂ ಜೋಡಿಸಿದರೆ ಹೊರಟ ಜಾಗಕ್ಕೇ ವಾಪಸ್ ಬರುತ್ತೇವೆ. ಕೊನೆಗೆ ಕಾನ್ಫರೆನ್ಸ್ ನಿಯಮದ ಪ್ರಕಾರ, ರಾಷ್ಟ್ರೀಯ ಫೈನಲ್‌ಗೆ ತಂಡಗಳನ್ನು ಆರಿಸುತ್ತಿದ್ದ ಬಿಸಿಎಸ್ ಪಟ್ಟಿಯಲ್ಲಿ ಯಾರು ಮೇಲಿದ್ದಾರೆ ಅಂತ ನೋಡಿದರು. ಓಕ್ಲಹೋಮಾ 2ನೇ ಸ್ಥಾನ, ಟೆಕ್ಸಸ್ 3ನೇ ಸ್ಥಾನ. ಓಕ್ಲಹೋಮಾ ಹೋಯಿತು.

ಆ ಪಟ್ಟಿಯ ಮೂರನೇ ಒಂದು ಪಾಲನ್ನು ಕಂಪ್ಯೂಟರ್‌ಗಳು ಲೆಕ್ಕ ಹಾಕುತ್ತಿದ್ದವು. ಅವು ಏನು ಲೆಕ್ಕ ಹಾಕುತ್ತವೆ ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಓದುತ್ತಾ ಹೋದೆ. ಬರೀ ಓದಿದರೆ ಸಾಲದು, ನಾನೇ ಒಂದನ್ನು ಕಟ್ಟಬೇಕು ಅನ್ನಿಸಿತು. ಅಲ್ಲಿಂದ ಶುರುವಾದ ಈ ಕೆಲಸ ಈಗ ಪ್ರತಿ ಸೀಸನ್ನಿನ ಭಾಗವಾಗಿಬಿಟ್ಟಿದೆ. ಶನಿವಾರ ಪಂದ್ಯ ನೋಡುತ್ತೇನೆ, ಭಾನುವಾರ ಸ್ಕೋರ್ ಸೇರಿಸಿ ಪ್ರೋಗ್ರಾಮ್ ಓಡಿಸುತ್ತೇನೆ.

ಮೊದಲು ಈ ಆಟದ ತೊಂದರೆ ಏನು ಅಂತ ಹೇಳಬೇಕು. 2024ರಲ್ಲಿ ಮೇಲಿನ ದರ್ಜೆಯಲ್ಲಿ 134 ತಂಡಗಳಿದ್ದವು. ಲೀಗ್ ಹಂತದಲ್ಲಿ ಒಂದೊಂದು ತಂಡ ಆಡುವುದು 12 ಪಂದ್ಯ. ಎಲ್ಲರೂ ಎಲ್ಲರ ಜೊತೆ ಒಮ್ಮೆ ಆಡಬೇಕಾದರೆ 8,911 ಪಂದ್ಯಗಳು ಬೇಕು. ನಿಜವಾಗಿ ನಡೆಯುವುದು ಸುಮಾರು 800. ಹತ್ತರಲ್ಲಿ ಒಂದು ಪಾಲೂ ಇಲ್ಲ. ಅದರಲ್ಲೂ ಜಾಸ್ತಿ ಪಂದ್ಯಗಳು ಆಯಾ ಕಾನ್ಫರೆನ್ಸಿನ ಒಳಗೇ ಮುಗಿದುಹೋಗುತ್ತವೆ. ಒಬ್ಬರು ಕಷ್ಟದ ಎದುರಾಳಿಗಳ ಜೊತೆ ಆಡಿ 9 ಗೆದ್ದಿರುತ್ತಾರೆ, ಇನ್ನೊಬ್ಬರು ಸುಲಭದವರ ಜೊತೆ ಆಡಿ 11 ಗೆದ್ದಿರುತ್ತಾರೆ. ಇವರಿಬ್ಬರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಯಾರು ಮೇಲೆ?

ಜನ ಇದಕ್ಕೆ ಬಹಳ ಹಿಂದಿನಿಂದಲೂ ಉತ್ತರ ಹುಡುಕುತ್ತಿದ್ದಾರೆ. 1926ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರೊಫೆಸರ್ ಫ್ರಾಂಕ್ ಡಿಕಿನ್ಸನ್ ಅಂಕಗಳ ಒಂದು ಪದ್ಧತಿ ಮಾಡಿದ್ದರು. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಪ್ರತಿ ಸೀಸನ್‌ನಲ್ಲೂ ಪತ್ರಕರ್ತರ ಮತ ಪಡೆದು ಪಟ್ಟಿ ಹಾಕುತ್ತಿದೆ. 1998ರಿಂದ 2013ರವರೆಗೆ ಬಿಸಿಎಸ್ ಇತ್ತು. ಮತಗಳನ್ನೂ ಕಂಪ್ಯೂಟರ್‌ಗಳನ್ನೂ ಸೇರಿಸಿ ಫೈನಲ್ ಆಡುವ ಇಬ್ಬರನ್ನು ಅದು ಆರಿಸುತ್ತಿತ್ತು. 2014ರಿಂದ ಕಂಪ್ಯೂಟರ್‌ಗಳನ್ನು ಬದಿಗಿಟ್ಟು ಒಂದು ಸಮಿತಿಯ ಕೈಗೆ ಕೆಲಸ ಕೊಟ್ಟರು.

ಮತದ ಪಟ್ಟಿಯಲ್ಲಿ ನನಗೆ ಒಪ್ಪಿಗೆಯಾಗದ ವಿಷಯ ಒಂದಿದೆ. ಅದು ಆಗಸ್ಟ್‌ನಲ್ಲಿ, ಒಂದು ಪಂದ್ಯವೂ ನಡೆಯುವ ಮೊದಲೇ ಶುರುವಾಗುತ್ತದೆ. ದೊಡ್ಡ ಹೆಸರಿನ ತಂಡಗಳು ಮೇಲೆ ಕೂತು ಹೊರಡುತ್ತವೆ, ಗೆಲ್ಲುತ್ತಿರುವವರೆಗೆ ಅಲ್ಲೇ ಇರುತ್ತವೆ. ಸಣ್ಣ ತಂಡ ಗೆದ್ದು ಗೆದ್ದು ಮೇಲೆ ಬರಬೇಕು, ಅದೂ ಮೇಲಿನವರು ಸೋತರೆ ಮಾತ್ರ. 2006ರ ಸೀಸನ್‌ನಲ್ಲಿ ಬಾಯ್ಸಿ ಸ್ಟೇಟ್ ಎಲ್ಲಾ 13 ಪಂದ್ಯ ಗೆದ್ದಿತು. ಲೀಗ್ ಮುಗಿದ ಮೇಲೆ ನಡೆಯುವ ಫಿಯೆಸ್ಟಾ ಬೌಲ್‌ನಲ್ಲಿ ಓಕ್ಲಹೋಮಾವನ್ನು 43-42ರಿಂದ ಸೋಲಿಸಿದ ಆ ಪಂದ್ಯವನ್ನು ನೋಡಿದವರು ಯಾರೂ ಮರೆಯುವುದಿಲ್ಲ. ಮೇಲಿನ ದರ್ಜೆಯಲ್ಲಿ ಆ ವರ್ಷ ಸೋಲದೆ ಉಳಿದ ತಂಡ ಅದೊಂದೇ. ಆದರೂ ಕೊನೆಯ ಮತದ ಪಟ್ಟಿಯಲ್ಲಿ ಸಿಕ್ಕಿದ್ದು 5ನೇ ಸ್ಥಾನ. 5ನೇ ಸ್ಥಾನ ಸರಿ ಎಂದು ವಾದ ಮಾಡಬಹುದು, ಎದುರಾಳಿಗಳು ಸುಲಭದವರು ಎನ್ನಬಹುದು. ಹಾಗಾದರೆ ಎಷ್ಟು ಸುಲಭ, ಅದಕ್ಕೆ ಎಷ್ಟು ಕಡಿತ, ಎಂದು ಯಾರಾದರೂ ಲೆಕ್ಕ ತೋರಿಸಬೇಕಲ್ಲ. ನನಗೆ ಬೇಕಿದ್ದದ್ದು ಆ ಲೆಕ್ಕ.

ಹಾಗಾಗಿ ನಾನು ಶುರು ಮಾಡಿದ್ದು ಕೋಲಿ ವಿಧಾನದಿಂದ. ಬಿಸಿಎಸ್‌ನ ಆರು ಕಂಪ್ಯೂಟರ್ ಪಟ್ಟಿಗಳಲ್ಲಿ ವೆಸ್ ಕೋಲಿ ಅವರದೂ ಒಂದು. ತಮ್ಮ ವಿಧಾನವನ್ನು ಪೂರ್ತಿ ಬಿಚ್ಚಿ ಬರೆದು ಎಲ್ಲರ ಮುಂದಿಟ್ಟವರು ಅವರು. ಅದರಲ್ಲಿ ಅಂಕದ ಅಂತರ ಇಲ್ಲ, ಊರು ಹೆಸರು ಇಲ್ಲ, ಹಳೆಯ ಖ್ಯಾತಿ ಇಲ್ಲ. ಗೆದ್ದಿರಾ, ಸೋತಿರಾ, ಯಾರ ಎದುರು, ಇಷ್ಟೇ ಕೇಳುತ್ತದೆ. ಎಲ್ಲರೂ 0.5ರಿಂದ ಹೊರಡುತ್ತಾರೆ.

ಸೂತ್ರ ಹೀಗಿದೆ. ಗೆಲುವಿನಿಂದ ಸೋಲನ್ನು ಕಳೆದು ಅರ್ಧ ಮಾಡಿ. ಅದಕ್ಕೆ 1 ಸೇರಿಸಿ. ಎದುರಾಳಿಗಳ ರೇಟಿಂಗ್‌ಗಳನ್ನೆಲ್ಲ ಕೂಡಿಸಿ. ಬಂದದ್ದನ್ನು, ಆಡಿದ ಪಂದ್ಯಗಳಿಗೆ 2 ಸೇರಿಸಿ ಬಂದ ಸಂಖ್ಯೆಯಿಂದ ಭಾಗಿಸಿ. ಎದುರಾಳಿಯ ರೇಟಿಂಗ್ ಗೊತ್ತಾಗಬೇಕಾದರೆ ಅವನ ಎದುರಾಳಿಗಳದ್ದು ಗೊತ್ತಿರಬೇಕು, ಅವರದಕ್ಕೆ ಇನ್ನೊಬ್ಬರದ್ದು. ಆದ್ದರಿಂದ ಎಲ್ಲಾ ತಂಡಗಳ ಸಮೀಕರಣಗಳನ್ನೂ ಒಟ್ಟಿಗೆ ಬಿಡಿಸಬೇಕು.

ಒಂದು ಪುಟ್ಟ ಉದಾಹರಣೆಯನ್ನು ಕಾಗದದ ಮೇಲೆ ಮಾಡಿ ನೋಡಿ. ಅ, ಬ, ಕ ಎಂಬ ಮೂರು ತಂಡಗಳು. ಮೊದಲ ವಾರ ಅ ತಂಡ ಬ ತಂಡವನ್ನು ಸೋಲಿಸಿತು, ಅಷ್ಟೇ. ಲೆಕ್ಕ ಬಿಡಿಸಿದರೆ ಅ 0.625, ಬ 0.375, ಆಡದ ಕ 0.5. ಎರಡನೇ ವಾರ ಅ ತಂಡಕ್ಕೆ ರಜೆ. ಬ ತಂಡ ಕ ತಂಡವನ್ನು ಸೋಲಿಸಿತು. ಈಗ ಮತ್ತೆ ಬಿಡಿಸಿ. ಬ 0.5ಕ್ಕೆ ಬಂತು, ಕ 0.333ಕ್ಕೆ ಇಳಿಯಿತು, ಅ 0.667ಕ್ಕೆ ಏರಿತು. ಅ ತಂಡ ಮೈದಾನಕ್ಕೇ ಇಳಿದಿಲ್ಲ! ಅದು ಸೋಲಿಸಿದ್ದ ತಂಡ ಗೆದ್ದಿತು, ಅದರಿಂದ ಹಳೆಯ ಗೆಲುವಿನ ಬೆಲೆ ಜಾಸ್ತಿಯಾಯಿತು.

ಇದನ್ನು ಮೊದಲ ಸಲ ಕೈಯಲ್ಲಿ ಬಿಡಿಸಿದಾಗ ಆದ ಖುಷಿ ಈಗಲೂ ಹಾಗೇ ಇದೆ. ಸೆಪ್ಟೆಂಬರ್‌ನ ಒಂದು ಗೆಲುವು ಸೆಪ್ಟೆಂಬರ್‌ಗೇ ಮುಗಿಯುವುದಿಲ್ಲ. ನವೆಂಬರ್ ಕೊನೆಯವರೆಗೂ ಅದರ ಬೆಲೆ ಏರುತ್ತಾ ಇಳಿಯುತ್ತಾ ಇರುತ್ತದೆ. ಹೀಗಾಗಿ ಈಗ ನಾನು ನೋಡುವ ಪಂದ್ಯಗಳೇ ಬೇರೆಯಾಗಿವೆ. ಮಂಗಳವಾರ ರಾತ್ರಿ ಮಿಡ್-ಅಮೆರಿಕನ್ ಕಾನ್ಫರೆನ್ಸಿನ ಎರಡು ಸಾಧಾರಣ ತಂಡಗಳು ಆಡುತ್ತಿದ್ದರೆ, ಅದರಲ್ಲಿ ಗೆದ್ದವರಿಂದ ಮೇಲಿನ ಯಾರ ರೇಟಿಂಗ್ ಎತ್ತ ಹೋಗುತ್ತದೆ ಎಂದು ಕುತೂಹಲದಿಂದ ನೋಡುತ್ತೇನೆ.

ಮೇಲಿನ ದರ್ಜೆಯ ತಂಡಗಳನ್ನಷ್ಟೇ ಹಿಡಿದರೆ ಪೂರ್ತಿ ಸೀಸನ್‌ಗೆ ಇದೇ ಲೆಕ್ಕ 134 ಸಾಲು, 134 ಕಂಬಸಾಲುಗಳ ಮ್ಯಾಟ್ರಿಕ್ಸ್ ಆಗುತ್ತದೆ. ಪೈಥಾನ್‌ನಲ್ಲಿ ಬಿಡಿಸಲು ಒಂದೇ ಸಾಲು ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಶ್ರಮ ಇರುವುದು ಸ್ಕೋರ್‌ಗಳ ಕಡತದಲ್ಲಿ. ಮಯಾಮಿ ಎಂಬ ಹೆಸರಿನ ತಂಡ ಫ್ಲಾರಿಡಾದಲ್ಲೂ ಇದೆ, ಒಹಾಯೊದಲ್ಲೂ ಇದೆ. ಯುಎಸ್‌ಸಿ ಅಂದರೆ ಸದರ್ನ್ ಕ್ಯಾಲಿಫೋರ್ನಿಯಾ ಎಂದು ಎಲ್ಲರೂ ತಿಳಿಯುತ್ತಾರೆ, ಸೌತ್ ಕ್ಯಾರೊಲೈನಾದವರು ಒಪ್ಪುವುದಿಲ್ಲ. ಹಾಗಾಗಿ ನಾನು ಪ್ರತಿ ತಂಡಕ್ಕೂ ಒಂದು ಸ್ವಂತ ಸಂಖ್ಯೆ ಕೊಟ್ಟಿದ್ದೇನೆ. ಹೊರಗಿನ ಹೆಸರು ಯಾವುದೇ ಬರಲಿ, ಮೊದಲು ಆ ಸಂಖ್ಯೆಗೆ ಬದಲಾಯಿಸಿ ಆಮೇಲೆ ಒಳಗೆ ಬಿಡುತ್ತೇನೆ. ಗೊತ್ತಿಲ್ಲದ ಹೆಸರು ಬಂದರೆ ಪ್ರೋಗ್ರಾಮ್ ಅಲ್ಲೇ ನಿಲ್ಲಬೇಕು. ಅಂದಾಜಿನಲ್ಲಿ ಮುಂದೆ ಹೋಗಬಾರದು.

ಇಷ್ಟೊಂದು ಜಾಗ್ರತೆ ಬೇಕೇ ಎನ್ನುವವರಿಗೆ 2010ರ ಕತೆ ಹೇಳುತ್ತೇನೆ. ಆ ವರ್ಷದ ಕೊನೆಯ ಬಿಸಿಎಸ್ ಪಟ್ಟಿ ಪ್ರಕಟವಾದ ಮೇಲೆ, ಕೋಲಿ ಪಟ್ಟಿಯ ದತ್ತಾಂಶದಲ್ಲಿ ಒಂದು ಪಂದ್ಯ ಬಿಟ್ಟುಹೋಗಿದೆ ಎಂದು ಗೊತ್ತಾಯಿತು. ಅಪಲಾಚಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ಇಲಿನಾಯ್ ನಡುವಿನ, ಕೆಳ ದರ್ಜೆಯ ಪ್ಲೇಆಫ್ ಪಂದ್ಯ ಅದು. ಅದನ್ನು ಸೇರಿಸಿದ್ದೇ ತಡ, ಮೇಲಿನ ದರ್ಜೆಯ ಒಟ್ಟು ಪಟ್ಟಿಯಲ್ಲಿ 10ನೇ ಮತ್ತು 11ನೇ ಸ್ಥಾನದಲ್ಲಿದ್ದ ಎಲ್ಎಸ್‌ಯು (ಲೂಯಿಸಿಯಾನಾ ಸ್ಟೇಟ್) ಮತ್ತು ಬಾಯ್ಸಿ ಸ್ಟೇಟ್ ಜಾಗ ಅದಲು ಬದಲಾದವು. ಇದು ಬೆಳಕಿಗೆ ಬಂದದ್ದು ವಿಧಾನ ಎಲ್ಲರಿಗೂ ತೆರೆದಿದ್ದರಿಂದ, ಹೊರಗಿನವರು ಲೆಕ್ಕ ಮಾಡಿ ನೋಡಲು ಸಾಧ್ಯವಿದ್ದರಿಂದ. ನಾನು ಇದನ್ನು ಕೋಲಿ ಅವರ ವಿಧಾನಕ್ಕೆ ಸಿಕ್ಕ ಗೌರವ ಎಂದೇ ಓದುತ್ತೇನೆ. ಮುಚ್ಚಿಟ್ಟ ಲೆಕ್ಕದಲ್ಲಿ ಏನು ತಪ್ಪಿದ್ದರೂ ಯಾರಿಗೂ ಕಾಣುವುದಿಲ್ಲ.

ಕೆಳ ದರ್ಜೆಯ ತಂಡಗಳ ವಿಷಯ ಇನ್ನೊಂದು ತಲೆನೋವು. ಮೇಲಿನ ದರ್ಜೆಯ ಹೆಚ್ಚಿನ ತಂಡಗಳು ವರ್ಷಕ್ಕೊಂದು ಪಂದ್ಯವನ್ನು ಅವರ ಜೊತೆ ಆಡುತ್ತವೆ. ಅವರನ್ನೆಲ್ಲ ಒಂದೇ ಗಂಟು ಕಟ್ಟಿ ಒಂದು ತಂಡ ಎಂದು ಎಣಿಸಿದರೆ ಕೆಲಸ ಸುಲಭ. ಆದರೆ 2007ರಲ್ಲಿ ಇದೇ ಅಪಲಾಚಿಯನ್ ಸ್ಟೇಟ್, 5ನೇ ರ‍್ಯಾಂಕಿನ ಮಿಷಿಗನ್ನನ್ನು ಅವರದೇ ಮೈದಾನದಲ್ಲಿ 34-32ರಿಂದ ಸೋಲಿಸಿತು. ಅಂಥ ತಂಡವನ್ನೂ, ವರ್ಷವಿಡೀ ಸೋಲುವ ತಂಡವನ್ನೂ ಒಂದೇ ಗಂಟಿಗೆ ಹಾಕುವುದು ನ್ಯಾಯವಲ್ಲ. ಹಾಗಾಗಿ ನಾನು ಅವರ ಎಲ್ಲಾ ಪಂದ್ಯಗಳನ್ನೂ ಸೇರಿಸುತ್ತೇನೆ. ಕಡತ ದೊಡ್ಡದಾಗುತ್ತದೆ, ಆಗಲಿ.

ಈಗ ಅಂಕದ ಅಂತರಕ್ಕೆ ಬರೋಣ. ಇಲ್ಲಿ ನಾನು ಬಹಳ ಕಾಲ ಕಳೆದಿದ್ದೇನೆ.

3 ಅಂಕದಲ್ಲಿ ಗೆದ್ದದ್ದೂ 40 ಅಂಕದಲ್ಲಿ ಗೆದ್ದದ್ದೂ ಒಂದೇ ಎಂದು ಕೋಲಿ ವಿಧಾನ ಹೇಳುತ್ತದೆ. ಪಂದ್ಯ ನೋಡಿದ ಯಾರಿಗೂ ಹಾಗೆ ಅನ್ನಿಸುವುದಿಲ್ಲ. ಮುಂದಿನ ಪಂದ್ಯ ಯಾರು ಗೆಲ್ಲುತ್ತಾರೆ ಎಂದು ಊಹಿಸಬೇಕಾದರೆ ಅಂತರ ಖಂಡಿತ ಬೇಕು. ಇದಕ್ಕೆ ಕೆನೆತ್ ಮ್ಯಾಸಿ ಅವರ ಹೆಸರಿನ ವಿಧಾನ ಇದೆ. ಎರಡು ತಂಡಗಳ ರೇಟಿಂಗ್‌ಗಳ ವ್ಯತ್ಯಾಸವೇ ಅವರ ನಡುವಿನ ಅಂಕದ ಅಂತರ ಎಂದು ಪ್ರತಿ ಪಂದ್ಯಕ್ಕೂ ಒಂದು ಸಮೀಕರಣ ಬರೆಯಬೇಕು. ನೂರಾರು ಸಮೀಕರಣಗಳು ಒಂದಕ್ಕೊಂದು ಒಪ್ಪುವುದಿಲ್ಲ. ಒಟ್ಟಾರೆ ತಪ್ಪಿನ ವರ್ಗಗಳ ಮೊತ್ತ ಕನಿಷ್ಠ ಆಗುವಂಥ ರೇಟಿಂಗ್‌ಗಳನ್ನು ಹುಡುಕುತ್ತೇವೆ. ಎಲ್ಲರ ರೇಟಿಂಗ್‌ಗೂ ಒಂದೇ ಸಂಖ್ಯೆ ಕೂಡಿಸಿದರೆ ವ್ಯತ್ಯಾಸ ಬದಲಾಗದು, ಆದ್ದರಿಂದ ಎಲ್ಲರ ಮೊತ್ತ ಸೊನ್ನೆ ಎಂದು ಒಂದು ಸಾಲು ಜಾಸ್ತಿ ಸೇರಿಸಬೇಕು. ಇಲ್ಲದಿದ್ದರೆ ಮ್ಯಾಟ್ರಿಕ್ಸ್ ಬಿಡಿಸಲು ಬರುವುದಿಲ್ಲ.

ಆದರೆ ಅಂತರಕ್ಕೆ ಬೆಲೆ ಕೊಟ್ಟರೆ ಕೋಚ್‌ಗಳು ಗೆದ್ದಾದ ಮೇಲೂ ನಿಲ್ಲಿಸುವುದಿಲ್ಲ. ಸೋತು ಸುಣ್ಣವಾದ ತಂಡದ ಮೇಲೆ ಇನ್ನೂ ಎರಡು ಟಚ್‌ಡೌನ್ ಹೇರುತ್ತಾರೆ. ಆಡುವವರು ಕಾಲೇಜಿನ ಹುಡುಗರು ಎಂಬುದನ್ನು ಮರೆಯಬಾರದು. ಬಿಸಿಎಸ್ 2002ರ ಸೀಸನ್‌ಗೆ ಮೊದಲು ಕಂಪ್ಯೂಟರ್‌ಗಳ ಲೆಕ್ಕದಿಂದ ಅಂತರವನ್ನು ತೆಗೆಸಿತು. ನಡುವಿನ ದಾರಿ ಮಿತಿ ಹಾಕುವುದು. ಇಷ್ಟು ಅಂಕದ ಮೇಲಿನ ಅಂತರಕ್ಕೆ ಬೆಲೆ ಇಲ್ಲ ಎನ್ನುವುದು.

ಎಷ್ಟು ಅಂಕ? 2008ರ ಆ ಮೂರು ಪಂದ್ಯಗಳನ್ನೇ ತೆಗೆದುಕೊಳ್ಳಿ. ಅಂತರಗಳು 10, 6, 44. ಮಿತಿ ಇಲ್ಲದಿದ್ದರೆ ಓಕ್ಲಹೋಮಾಗೆ 44ರಲ್ಲಿ 10 ಕಳೆದು +34. ಟೆಕ್ಸಸ್‌ಗೆ 10ರಲ್ಲಿ 6 ಕಳೆದು +4. ಟೆಕ್‌ಗೆ −38. ಓಕ್ಲಹೋಮಾ ಎಲ್ಲೋ ಮುಂದೆ. ಈಗ 14 ಅಂಕದ, ಅಂದರೆ ಎರಡು ಟಚ್‌ಡೌನ್‌ನ ಮಿತಿ ಹಾಕಿ. ಓಕ್ಲಹೋಮಾ +4, ಟೆಕ್ಸಸ್ +4. ಸರಿಸಮ! ಮಿತಿ 10 ಮಾಡಿ, ಟೆಕ್ಸಸ್ ಮುಂದೆ.

ಇನ್ನೂ ಒಂದಿದೆ. ತವರು ಮೈದಾನದಲ್ಲಿ ಆಡುವವರಿಗೆ ಸುಮಾರು 3 ಅಂಕದ ಅನುಕೂಲ ಇರುತ್ತದೆ ಎಂದು ಲೆಕ್ಕ ಹಾಕುವುದು ವಾಡಿಕೆ. ಟೆಕ್ಸಸ್-ಓಕ್ಲಹೋಮಾ ಪಂದ್ಯ ಡಲ್ಲಾಸ್‌ನಲ್ಲಿ, ಇಬ್ಬರಿಗೂ ತವರಲ್ಲದ ಜಾಗದಲ್ಲಿ ನಡೆದದ್ದು. ಟೆಕ್ ಗೆದ್ದದ್ದು ತನ್ನ ಲಬಕ್‌ನಲ್ಲಿ, ಓಕ್ಲಹೋಮಾ 44ರಿಂದ ಗೆದ್ದದ್ದು ತನ್ನ ನಾರ್ಮನ್‌ನಲ್ಲಿ. 3 ಅಂಕ ಕಳೆದರೆ ಟೆಕ್‌ನ ಗೆಲುವು ಬರೀ 3 ಅಂಕದ್ದಾಗುತ್ತದೆ, ಟೆಕ್ಸಸ್ +7ಕ್ಕೆ ಏರುತ್ತದೆ. ಓಕ್ಲಹೋಮಾದ 41ಕ್ಕೆ 14ರ ಮಿತಿ ಹಾಕಿದರೆ ಅದು +4ರಲ್ಲೇ ಉಳಿಯುತ್ತದೆ. ಮಿತಿ 17 ದಾಟಿದರೆ ಮಾತ್ರ ಓಕ್ಲಹೋಮಾ ಮುಂದೆ ಹೋಗುತ್ತದೆ. ಪೂರ್ತಿ ಸೀಸನ್‌ನ ಉಳಿದ ಪಂದ್ಯಗಳು ಸೇರಿದಾಗ ಚಿತ್ರ ಬೇರೆಯಾಗುತ್ತದೆ, ನಿಜ. ಆದರೂ ನೋಡಿ, ಒಂದು ಸಂಖ್ಯೆಯನ್ನು 14 ಅಂತ ಬರೆಯುತ್ತೀರೋ 20 ಅಂತ ಬರೆಯುತ್ತೀರೋ ಎಂಬುದರ ಮೇಲೆ ಈ ಮೂವರ ಜಗಳದ ತೀರ್ಪು ನಿಂತಿದೆ.

ಕಂಪ್ಯೂಟರ್‌ಗೆ ಪಕ್ಷಪಾತ ಇಲ್ಲ ಎಂದು ಜನ ಹೇಳುತ್ತಾರೆ. ಕಂಪ್ಯೂಟರ್‌ಗೆ ಇಲ್ಲ, ಸರಿ. ಆ 14 ಬರೆದ ಮನುಷ್ಯನಿಗೆ ಇರಬಹುದಲ್ವಾ? ಡಿಸೆಂಬರ್‌ನಲ್ಲಿ ಕೂತು ಮಿತಿಯನ್ನು ಆರಿಸಿದರೆ ನನಗೆ ಬೇಕಾದ ತಂಡವನ್ನು ಮೇಲೆ ತರುವುದು ಕಷ್ಟವೇ ಅಲ್ಲ. ಆದ್ದರಿಂದ ನನ್ನದೊಂದು ನಿಯಮ ಇದೆ, ಇದರಲ್ಲಿ ರಾಜಿ ಇಲ್ಲ. ಮಿತಿ, ತವರಿನ ಅನುಕೂಲ, ಎಲ್ಲವನ್ನೂ ಮೊದಲ ಪಂದ್ಯಕ್ಕೆ ಮುಂಚೆ ಬರೆದು, ದಿನಾಂಕ ಹಾಕಿ, ಕೋಡ್ ಜೊತೆಗೇ ಇಡುತ್ತೇನೆ. ಸೀಸನ್ ಮುಗಿಯುವವರೆಗೆ ಮುಟ್ಟುವುದಿಲ್ಲ. ಫಲಿತಾಂಶ ನನಗೆ ಇಷ್ಟವಾಗದಿದ್ದರೂ ಅದೇ ಫಲಿತಾಂಶ. ಹಳೆಯ ಸೀಸನ್‌ಗಳ ಮೇಲೆ ಓಡಿಸಿ, ಆಯಾ ವಾರದವರೆಗಿನ ಸ್ಕೋರ್ ಮಾತ್ರ ಕೊಟ್ಟು, ಮುಂದಿನ ವಾರದ ಪಂದ್ಯಗಳನ್ನು ಯಾವ ಮಿತಿ ಚೆನ್ನಾಗಿ ಊಹಿಸುತ್ತದೆ ಎಂದು ನೋಡಿ ಆರಿಸುತ್ತೇನೆ. ಯಾವ ತಂಡ ಮೇಲೆ ಬಂತು ಎಂಬುದನ್ನು ಆಗ ನೋಡುವುದೇ ಇಲ್ಲ.

ದಿನಾಂಕದ ವಿಷಯದಲ್ಲೂ ಹೀಗೇ ಒಂದು ನಿಲುವು ಬೇಕಾಗುತ್ತದೆ. 2001ರಲ್ಲಿ ನೆಬ್ರಾಸ್ಕಾ ತನ್ನ ಕೊನೆಯ ಲೀಗ್ ಪಂದ್ಯದಲ್ಲಿ ಕೊಲರಾಡೊ ಎದುರು 62-36ರಿಂದ ಸೋತಿತು, ಕಾನ್ಫರೆನ್ಸ್ ಫೈನಲ್‌ಗೂ ಹೋಗಲಿಲ್ಲ. ಆದರೂ ಬಿಸಿಎಸ್ ಅದನ್ನು ರಾಷ್ಟ್ರೀಯ ಫೈನಲ್‌ಗೆ ಕಳಿಸಿತು, ಅಲ್ಲಿ ಮಯಾಮಿ 37-14ರಿಂದ ಗೆದ್ದಿತು. ಮತ ಹಾಕುವವರಿಗೆ ಹೊಸ ಸೋಲು ದೊಡ್ಡದಾಗಿ ಕಾಣುತ್ತದೆ, ಹಳೆಯದು ಮರೆಯುತ್ತದೆ. ಕೋಲಿ ಲೆಕ್ಕಕ್ಕೆ ಕ್ಯಾಲೆಂಡರೇ ಇಲ್ಲ. ನನಗೆ ಎರಡನೆಯದೇ ಸರಿ. ಸೆಪ್ಟೆಂಬರ್‌ನ ಸೋಲಿಗೆ ರಿಯಾಯಿತಿ ಯಾಕೆ ಕೊಡಬೇಕು?

ಇಷ್ಟೆಲ್ಲ ಆದ ಮೇಲೆ ನಾನು ಒಂದೇ ಪಟ್ಟಿ ಮಾಡುವುದನ್ನು ಬಿಟ್ಟೆ. ಈಗ ನನ್ನ ಹಾಳೆಯಲ್ಲಿ ಎರಡು ಕಾಲಂ ಇವೆ. ಒಂದು, ಗೆಲುವು-ಸೋಲು ಮಾತ್ರ ನೋಡುವುದು: ಈವರೆಗೆ ಯಾರು ಏನು ಸಂಪಾದಿಸಿದ್ದಾರೆ. ಇನ್ನೊಂದು, ಅಂತರ ನೋಡುವುದು: ನಾಳೆ ಆಡಿದರೆ ಯಾರು ಗೆಲ್ಲಬಹುದು. ಇವೆರಡು ಬೇರೆ ಬೇರೆ ಪ್ರಶ್ನೆ. ಬಹಳಷ್ಟು ಜಗಳ ಆಗುವುದು ಒಬ್ಬರು ಮೊದಲನೆಯದಕ್ಕೆ, ಇನ್ನೊಬ್ಬರು ಎರಡನೆಯದಕ್ಕೆ ಉತ್ತರ ಹೇಳುತ್ತಿರುವಾಗ.

2023ರ ಫ್ಲಾರಿಡಾ ಸ್ಟೇಟ್ ಇದಕ್ಕೆ ಸಾಕ್ಷಿ. 13 ಪಂದ್ಯ, 13 ಗೆಲುವು, ಕಾನ್ಫರೆನ್ಸ್ ಚಾಂಪಿಯನ್. ಆದರೆ ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲು ಮುರಿದುಕೊಂಡಿದ್ದರು. ಸಮಿತಿ ಆ ತಂಡವನ್ನು 5ನೇ ಸ್ಥಾನಕ್ಕೆ ಇಟ್ಟು, ನಾಲ್ಕು ತಂಡಗಳ ಪ್ಲೇಆಫ್‌ಗೆ ಒಂದು ಸೋಲಿದ್ದ ಅಲಬಾಮಾವನ್ನು ಕರೆಯಿತು. ದೊಡ್ಡ ಐದು ಕಾನ್ಫರೆನ್ಸ್‌ಗಳ ಚಾಂಪಿಯನ್ ಒಂದೂ ಸೋಲದೆ ಆ ಪ್ಲೇಆಫ್‌ನಿಂದ ಹೊರಗುಳಿದದ್ದು ಅದೇ ಮೊದಲು. ಆಮೇಲೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ 63-3ರಿಂದ ಅವರನ್ನು ಸೋಲಿಸಿದಾಗ, ಸಮಿತಿ ಹೇಳಿದ್ದೇ ಸರಿ ಎಂದವರು ಬಹಳ. ಹತ್ತಾರು ಆಟಗಾರರು ಆ ಪಂದ್ಯ ಆಡಲೇ ಇಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ನನ್ನ ಮಾತು ಬೇರೆ. ನಾಳೆ ಏನಾಗಬಹುದು ಎಂಬ ಊಹೆಯಿಂದ, ನಿನ್ನೆ ಮೈದಾನದಲ್ಲಿ ಗೆದ್ದದ್ದನ್ನು ಕಿತ್ತುಕೊಳ್ಳಬಾರದು. ಪ್ಲೇಆಫ್‌ಗೆ ಆಯ್ಕೆ ಮಾಡಲು ಮೊದಲ ಕಾಲಂ, ಪಂದ್ಯದ ಊಹೆಗೆ ಎರಡನೆಯದು. 2024ರಿಂದ ಪ್ಲೇಆಫ್‌ಗೆ 12 ತಂಡ ಬಂದಿವೆ, ಆದರೆ 12ನೆಯವರು ಯಾರು, 13ನೆಯವರು ಯಾರು ಎಂದು ಅದೇ ಜಗಳ ಕೆಳಗೆ ಇಳಿದಿದೆ ಅಷ್ಟೇ.

ನೀವೂ ಕಟ್ಟಿ ನೋಡುವುದಾದರೆ ಕೋಲಿಯಿಂದಲೇ ಶುರು ಮಾಡಿ. ಸ್ಪ್ರೆಡ್‌ಶೀಟ್ ಸಾಕು, ಒಂದೇ ಕಾನ್ಫರೆನ್ಸ್ ಸಾಕು. ಮೊದಲ ನಾಲ್ಕೈದು ವಾರ ಪಟ್ಟಿಯನ್ನು ಯಾರಿಗೂ ತೋರಿಸಬೇಡಿ. ಆಗಿನ್ನೂ ಕಾನ್ಫರೆನ್ಸ್‌ಗಳ ನಡುವೆ ಕೊಂಡಿಗಳು ಕಡಿಮೆ, ಎರಡು ಸುಲಭದ ಗೆಲುವು ಸಿಕ್ಕವರೆಲ್ಲ ಮೇಲೆ ಕೂತಿರುತ್ತಾರೆ. ಅಕ್ಟೋಬರ್ ಬಂದರೆ ತಾನೇ ಸರಿಹೋಗುತ್ತದೆ. ಸಂಭವನೀಯತೆಯ ಬ್ರ್ಯಾಡ್ಲಿ-ಟೆರಿ ಮಾದರಿಯನ್ನೂ ನೋಡಿ, ಆದರೆ ಅಲ್ಲಿ ಸೋಲೇ ಇಲ್ಲದ ತಂಡದ ರೇಟಿಂಗ್ ಅನಂತಕ್ಕೆ ಓಡುತ್ತದೆ. ಪ್ರತಿ ತಂಡಕ್ಕೂ ಒಂದು ಕಲ್ಪಿತ ಡ್ರಾ ಸೇರಿಸಿದರೆ ಹಿಡಿತಕ್ಕೆ ಬರುತ್ತದೆ.

ನಾನು ಈಗ ಕೆಲಸ ಮಾಡುತ್ತಿರುವುದು ಓವರ್‌ಟೈಮ್ ಪಂದ್ಯಗಳ ಮೇಲೆ. 2021ರಿಂದ, ಮೂರನೇ ಓವರ್‌ಟೈಮ್‌ನಿಂದಲೇ ಎರಡೂ ತಂಡಗಳು ಸರದಿಯಂತೆ 2 ಅಂಕದ ಒಂದೊಂದೇ ಪ್ರಯತ್ನ ಮಾಡುತ್ತವೆ. ಆ ವರ್ಷವೇ ಇಲಿನಾಯ್ ತಂಡ ಪೆನ್ ಸ್ಟೇಟ್ ಅನ್ನು ಒಂಬತ್ತು ಓವರ್‌ಟೈಮ್ ಆಡಿ 20-18ರಿಂದ ಸೋಲಿಸಿತು. ಮೊದಲ ಕಾಲಂನಲ್ಲಿ ಅದು ಪೂರ್ತಿ ಗೆಲುವು, ಅನುಮಾನವೇ ಇಲ್ಲ. ಎರಡನೆಯದರಲ್ಲಿ ಅದನ್ನು 2 ಅಂಕದ ಗೆಲುವು ಎನ್ನಬೇಕೇ, ಸಮಬಲ ಎನ್ನಬೇಕೇ? ನನಗೆ ಸಮಬಲ ಎಂದೇ ಅನ್ನಿಸುತ್ತಿದೆ. ಹಳೆಯ ಸೀಸನ್‌ಗಳ ಮೇಲೆ ಎರಡೂ ರೀತಿ ಓಡಿಸಿ, ಆಗಸ್ಟ್‌ಗೆ ಮುಂಚೆ ಒಂದನ್ನು ಬರೆದು ಬೀಗ ಹಾಕುತ್ತೇನೆ.